ಬಿಲ್ಲಿನಲ್ಲಿ ಎಣಿಸಿದ ತಿರುಪುಮೊಳೆಗಳು

ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿಗೆ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮಗುವಿಗೆ, ಹೋದ ಬೇಸಗೆಯಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾಯಿತು. ನಾನು ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನೆಂಬ ಒಂದೇ ಕಾರಣದಿಂದ, ಅಂಕಿಗಳಿರುವ ಕಾಗದ ಯಾವುದು ಮನೆಗೆ ಬಂದರೂ ಅದನ್ನು ನನ್ನ ಮುಂದೆ ಹರಡುವುದು ಆಕೆಯ ತಂದೆಯವರ ಪದ್ಧತಿ. ಆಸ್ಪತ್ರೆಯಿಂದ ಹಿಂದಿರುಗಿದ ವಾರವೂ ಅವರು ಹಾಗೆಯೇ ಒಂದು ಪ್ಲಾಸ್ಟಿಕ್ ಕವರನ್ನು ಹಿಡಿದು ಬಂದು, "ಮೇಷ್ಟ್ರೇ, ಇದನ್ನೊಂದು ಸಲ ನೋಡಿಬಿಡಿ" ಎಂದರು. ಒಳಗೆ ಮುಖ್ಯವಾದ ಕಾಗದಗಳು ಎರಡಿದ್ದವು. ಮೊದಲನೆಯದು ಬಿಲ್ಲು: ವೈದ್ಯರು ಸ್ಕ್ರೂ ಎಂದೂ ನಮ್ಮ ಬಡಗಿಗಳು ತಿರುಪುಮೊಳೆ ಎಂದೂ ಕರೆಯುವ ವಸ್ತು ಇಪ್ಪತ್ತು, ಲೋಹದ ಸರಳು ಎರಡು, ಒಂದೊಂದರ ಬೆಲೆ ಇಷ್ಟು, ತೆರಿಗೆ ಇಷ್ಟು ಎಂದು ಪೈಸೆಯನ್ನೂ ಬಿಡದೆ ಅದರಲ್ಲಿ ನಮೂದಾಗಿತ್ತು. ಎರಡನೆಯದು ಡಿಸ್‌ಚಾರ್ಜ್ ಸಮ್ಮರಿ. ಅದರಲ್ಲಿ ಶಸ್ತ್ರಕ್ರಿಯೆಯ ಹೆಸರು, ರಕ್ತ ಕೊಟ್ಟ ಪ್ರಮಾಣ, ಮಾತ್ರೆಗಳ ವೇಳೆ ಇವೆಲ್ಲವೂ ಇದ್ದು, ಆ ಇಪ್ಪತ್ತು ಮೊಳೆಗಳು ಮಗುವಿನ ಬೆನ್ನಿನಲ್ಲಿ ಎಲ್ಲೆಲ್ಲಿ ಹೇಗೆ ನೆಲೆಗೊಂಡಿವೆಯೆಂಬ ವಿಷಯದಲ್ಲಿ ಒಂದು ಅಕ್ಷರವೂ ಇರಲಿಲ್ಲ. ಹುಡುಗಿ ಕ್ಷೇಮವಾಗಿದ್ದಾಳೆ; ಆಸ್ಪತ್ರೆಯ ಮೇಲೆ ದೂರು ಹೇಳುವುದು ನನ್ನ ಉದ್ದೇಶವೂ ಅಲ್ಲ. ಹಾಗಿದ್ದರೂ, ಮಾರುವಾಗ ಇಷ್ಟು ನಿಷ್ಕೃಷ್ಟವಾಗಿ ಎಣಿಸಲ್ಪಟ್ಟ ವಸ್ತು ನೆಟ್ಟಮೇಲೆ ಎಣಿಕೆಯಿಂದ ಹೇಗೆ ಜಾರಿಹೋಯಿತೆಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಆ ರೋಗದ ಹೆಸರು ಸ್ಕೋಲಿಯೋಸಿಸ್. ಸೊಟ್ಟಗಿರುವುದೆಂಬ ಅರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದ್ದು. ನಮ್ಮ ಜನ ಇದನ್ನೂ ಮುಂದಕ್ಕೆ ಬಾಗಿದ ಬೆನ್ನನ್ನೂ ಒಂದೇ ಮಾತಿನಲ್ಲಿ ಗೂನು ಎಂದುಬಿಡುತ್ತಾರೆ. ವಾಸ್ತವವಾಗಿ ಇಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗುವುದರ ಜೊತೆಗೆ ತನ್ನ ಅಕ್ಷದ ಸುತ್ತ ತಿರುಚಿಕೊಳ್ಳುತ್ತದೆ. ಆ ತಿರುಚಿನಿಂದಲೇ ಒಂದು ಕಡೆಯ ಪಕ್ಕೆಲುಬುಗಳು ಹಿಂದಕ್ಕೆ ಉಬ್ಬಿ, ಹೆಗಲುಗಳು ಸಮವಾಗಿ ನಿಲ್ಲದೆ ಹೋಗುತ್ತವೆ. ನ್ಯೂಯಾರ್ಕಿನ ವೈದ್ಯ ಜಾನ್ ಕಾಬ್ 1948ರಲ್ಲಿ ವಿವರಿಸಿದ ಕೋನಮಾಪನವೇ ಇಂದಿಗೂ ಇದರ ಅಳತೆ: ಹತ್ತು ಡಿಗ್ರಿಯನ್ನು ಮೀರಿದರೆ ರೋಗವೆಂದು ಹೆಸರು, ನಲವತ್ತೈದು ಐವತ್ತನ್ನು ಮುಟ್ಟಿದರೆ ಶಸ್ತ್ರಚಿಕಿತ್ಸೆಯ ಮಾತು. ಹರೆಯಕ್ಕೆ ಕಾಲಿಡುತ್ತಿರುವ ಮಕ್ಕಳಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಹತ್ತು ಡಿಗ್ರಿಯಷ್ಟು ವಕ್ರತೆ ಇದ್ದೀತು. ಅವರಲ್ಲಿ ಬಹುಪಾಲು ಮಕ್ಕಳಿಗೆ ಯಾವ ಚಿಕಿತ್ಸೆಯೂ ಬೇಕಾಗುವುದಿಲ್ಲ. ಆದರೆ ವಕ್ರತೆ ಬೆಳೆಯುತ್ತ ಹೋಗುವ ಮಕ್ಕಳು, ಅವರಲ್ಲಿಯೂ ಹೆಚ್ಚಾಗಿ ಹೆಣ್ಣುಮಕ್ಕಳು, ಕಡೆಗೆ ಶಸ್ತ್ರವೈದ್ಯನ ಮೇಜನ್ನು ತಲಪುತ್ತಾರೆ.

ಭಾಗವತದಲ್ಲಿ ತ್ರಿವಕ್ರೆಯ ಪ್ರಸಂಗವುಂಟಷ್ಟೆ. ಮಥುರೆಯ ರಾಜಬೀದಿಯಲ್ಲಿ ಅನುಲೇಪನವನ್ನು ಹೊತ್ತು ಹೋಗುತ್ತಿದ್ದ ಆ ಕುಬ್ಜೆಯ ಪಾದಾಗ್ರವನ್ನು ಶ್ರೀಕೃಷ್ಣನು ತನ್ನ ಪಾದದಿಂದ ಒತ್ತಿ ಹಿಡಿದು, ಎರಡು ಬೆರಳುಗಳಿಂದ ಗಲ್ಲವನ್ನೆತ್ತಿ ಆಕೆಯನ್ನು ನೇರ್ಪಡಿಸಿದನೆಂದು ಕಥೆ. ಭಕ್ತಿಯ ದೃಷ್ಟಿಯನ್ನು ಒಂದು ಕ್ಷಣ ಬದಿಗಿರಿಸಿ ನೋಡಿದರೆ, ಕೆಳಗೆ ಬಿಗಿಹಿಡಿದು ಮೇಲಕ್ಕೆ ಸೆಳೆಯುವ ಈ ಉಪಾಯವು, ಹಿಪೊಕ್ರೇಟಿಸನ ಕಾಲದವರು ರೋಗಿಯನ್ನು ಏಣಿಗೆ ಕಟ್ಟಿ ಮಾಡುತ್ತಿದ್ದ ಪ್ರಯತ್ನದ ಬಂಧುವೇ. ಮನುಷ್ಯವೈದ್ಯರಿಗೆ ಎರಡು ಬೆರಳು ಸಾಲದಾಯಿತು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಪೋಲಿಯೋದಿಂದ ಬೆನ್ನು ಕುಸಿದ ಮಕ್ಕಳನ್ನು ನೋಡುತ್ತಿದ್ದ ಪಾಲ್ ಹ್ಯಾರಿಂಗ್ಟನ್, ಮೇಲೊಂದು ಕೆಳಗೊಂದು ಕೊಕ್ಕೆಯಿಟ್ಟು ನಡುವೆ ಉಕ್ಕಿನ ಸರಳನ್ನು ಹಾಯಿಸಿ, ಕಾರಿನ ಜ್ಯಾಕಿನಂತೆ ಬೆನ್ನನ್ನು ಹಿಗ್ಗಿಸುವ ವಿಧಾನವನ್ನು 1962ರಲ್ಲಿ ಪ್ರಕಟಿಸಿದನು. ಹಿಗ್ಗಿಸುವುದರಿಂದ ಬೆನ್ನು ನೀಳವಾಗುತ್ತಿತ್ತು, ತಿರುಚು ಮಾತ್ರ ಬಿಡುತ್ತಿರಲಿಲ್ಲ. ಎಷ್ಟೋ ಮಂದಿಗೆ ಸೊಂಟದ ಸಹಜವಾದ ಒಳಬಾಗು ಅಳಿದು, ಮುಂದೆ ನೆಟ್ಟಗೆ ನಿಲ್ಲುವುದೇ ಶ್ರಮವಾಗುತ್ತಿತ್ತು. ಶಸ್ತ್ರಕ್ರಿಯೆಯ ಮೇಲೆ ತಿಂಗಳುಗಟ್ಟಲೆ ಗಚ್ಚಿನ ಕವಚ ಬೇರೆ.

ತಿರುಪುಮೊಳೆ ಈ ಕಥೆಯೊಳಕ್ಕೆ ಬಂದದ್ದು ಪ್ಯಾರಿಸಿನ ರೇಮಂಡ್ ರಾಯ್-ಕಮೀಲ್‌ನಿಂದ. 1960ರ ದಶಕದಲ್ಲಿ ಅವನು ಕಶೇರುಮಣಿಯ ಹಿಂಭಾಗವನ್ನೂ ಮುಂಭಾಗವನ್ನೂ ಜೋಡಿಸುವ ಕಿರಿದಾದ ಮೂಳೆಯ ಸೇತುವೆಯ ಮೂಲಕ ಮೊಳೆಯನ್ನು ಒಳಕ್ಕೆ ತಿರುಗಿಸಿದನು. ಈ ಸೇತುವೆಗೆ ಪೆಡಿಕಲ್ ಎಂದು ಹೆಸರು. ಲ್ಯಾಟಿನ್ನಿನಲ್ಲಿ ಕಿರುಗಾಲು ಎಂದರ್ಥ. ಸೊಂಟದಲ್ಲಿ ಈ ಕಿರುಗಾಲು ದಪ್ಪವಾಗಿದೆ, ಎದೆಯ ಭಾಗದಲ್ಲಿ ಸಪೂರ. ಆದ್ದರಿಂದ ಎದೆಯ ಕಶೇರುಗಳಿಗೆ ಮೊಳೆ ಹಾಕುವುದು ದುಸ್ಸಾಹಸವೆಂದೇ ಬಹುಕಾಲ ಎಣಿಸಿದ್ದರು. ಸಿಯೋಲಿನ ಸೆ-ಇಲ್ ಸುಕ್ ಎಂಬ ಕೊರಿಯದ ವೈದ್ಯನು 1995ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಆ ಎಣಿಕೆಯನ್ನು ಬದಲಾಯಿಸಿದವು. ಕೊಕ್ಕೆ ಕಶೇರುವಿನ ಹಿಂಬದಿಯನ್ನು ಮಾತ್ರ ಹಿಡಿಯುತ್ತದೆ. ಮೊಳೆಯಾದರೋ ಹಿಂದಿನಿಂದ ಮುಂದಿನವರೆಗೆ ಇಡೀ ಮಣಿಯನ್ನು ಹಿಡಿಯುತ್ತದೆ. ಹಾಗೆ ಹಿಡಿತ ಸಿಕ್ಕಿದ ಮೇಲೆ ಬಾಗನ್ನು ಮಾತ್ರವಲ್ಲ, ತಿರುಚನ್ನೂ ಬಿಡಿಸಬಹುದು. ಗಚ್ಚಿನ ಕವಚವಿಲ್ಲದೆ ಮಗು ಕೆಲವೇ ದಿನಗಳಲ್ಲಿ ಎದ್ದು ನಡೆಯಬಹುದು. ಇಂದು ಲೋಕದ ಹೆಚ್ಚುಪಾಲು ಕಡೆ ಇದೇ ರೂಢಿ. ಮೊಳೆಯ ಉಪಕಾರವನ್ನು ನಾನು ಕಡೆಗಣಿಸುವವನಲ್ಲ. ಬೀದಿಯ ಕೊನೆಯ ಮನೆಯ ಹುಡುಗಿ ಐದನೆಯ ದಿನ ಆಸ್ಪತ್ರೆಯ ಓಣಿಯಲ್ಲಿ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಆ ಕಿರುಗಾಲಿನ ನೆರೆಹೊರೆ ಎಂಥದೆಂಬುದನ್ನು ಓದುಗರು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಅದರ ಒಳಗೋಡೆಯ ಆಚೆಗೆ ಬೆನ್ನುಹುರಿ. ಮೇಲೂ ಕೆಳಗೂ ನರಗಳು ಹೊರಡುವ ಕಿಂಡಿಗಳು. ಹೊರಗೋಡೆಯ ಆಚೆಗೆ ಪಕ್ಕೆಲುಬಿನ ಬುಡ, ಶ್ವಾಸಕೋಶದ ಪೊರೆ. ಮೊಳೆ ತೀರ ಉದ್ದವಾಗಿ ಮುಂದಕ್ಕೆ ತೂರಿದರೆ ಮಹಾಧಮನಿ. ಸರಿಯಾದ ಬೆನ್ನಿನಲ್ಲಿಯೇ ಇಷ್ಟು ಇಕ್ಕಟ್ಟು. ವಕ್ರವಾದ ಬೆನ್ನಿನಲ್ಲಿ ಪ್ರಕೃತಿ ಇನ್ನೊಂದು ಕುಚೋದ್ಯವನ್ನು ಮಾಡಿರುತ್ತದೆ: ಬಾಗಿನ ನಡುನೆತ್ತಿಯಲ್ಲಿ, ಒಳಬಾಗಿನ ಪಾರ್ಶ್ವದಲ್ಲಿ, ಕಿರುಗಾಲು ಎಲ್ಲಕ್ಕಿಂತ ಸಪೂರವಾಗಿ ಎರಡು ಮೂರು ಮಿಲಿಮೀಟರಿಗೆ ಇಳಿದಿರುವುದುಂಟು, ಮೊಳೆಯ ವ್ಯಾಸವೋ ನಾಲ್ಕು ಐದು ಮಿಲಿಮೀಟರು, ಬೆನ್ನುಹುರಿಯೂ ಬಳಸುದಾರಿಯನ್ನು ಬಿಟ್ಟು ಸಮೀಪದ ದಾರಿಯನ್ನು ಹಿಡಿಯುವ ಪಥಿಕನಂತೆ ಅದೇ ಒಳಬಾಗಿನ ಗೋಡೆಗೆ ಒತ್ತಿಕೊಂಡಿರುತ್ತದೆ. ಮಣಿಗಳು ತಿರುಚಿಕೊಂಡಿರುವುದರಿಂದ ಒಂದರ ದಿಕ್ಕು ಮುಂದಿನದಕ್ಕೆ ಒಪ್ಪದು. ಇಂಥ ಸ್ಥಳದಲ್ಲಿ ಶಸ್ತ್ರವೈದ್ಯನು ಗುರುತುಗಳನ್ನು ನೋಡಿ, ಮೂಳೆಯ ಒಳಗಿನ ಮೆತ್ತನೆಯ ಹಾದಿಯನ್ನು ಮೊಂಡು ಸಲಾಕೆಯಿಂದ ಹುಡುಕಿಕೊಂಡು ಹೋಗುತ್ತಾನೆ. ಬಳಿಕ ತುದಿಯಲ್ಲಿ ಗುಂಡಿರುವ ತೆಳ್ಳನೆಯ ಕಡ್ಡಿಯನ್ನು ತೂತಿನೊಳಗೆ ಇಳಿಸಿ ನಾಲ್ಕು ಗೋಡೆ ಒಂದು ತಳ ಇವೆಲ್ಲ ಇಡಿಯಾಗಿವೆಯೇ ಎಂದು ತಡವಿ ನೋಡುತ್ತಾನೆ. ಬಾವಿ ತೋಡುವವನು ಹಾರೆಯ ಹಿಡಿಯಿಂದಲೇ ಬಂಡೆಯನ್ನೂ ಮಣ್ಣನ್ನೂ ಅರಿಯುವಂತೆ ಇದು ಕೈಯ ಅರಿವು. ಈ ಕೈಗೆ ನಮಸ್ಕಾರ ಮಾಡದೆ ನಾನು ಮುಂದಿನ ಮಾತನ್ನು ಆಡಲಾರೆ.

ಇಷ್ಟಾಗಿ, ಈ ಕೈ ಎಷ್ಟು ಸಲ ತಪ್ಪುತ್ತದೆ? ಅಮೆರಿಕದ ಸೇಂಟ್ ಲೂಯಿಯಲ್ಲಿ ಕಿಮ್, ಲೆಂಕಿ ಮತ್ತು ಸಂಗಡಿಗರು 2004ರಲ್ಲಿ ತಮ್ಮ ಲೆಕ್ಕವನ್ನು ಲೋಕದ ಮುಂದಿಟ್ಟರು. ಯಂತ್ರದ ನೆರವಿಲ್ಲದೆ 394 ರೋಗಿಗಳ ಎದೆಯ ಕಶೇರುಗಳಿಗೆ ಹಾಕಿದ 3,204 ಮೊಳೆಗಳಲ್ಲಿ 577ನ್ನು ಸಿ.ಟಿ. ಸ್ಕ್ಯಾನಿನಿಂದ ಪರೀಕ್ಷಿಸಿದಾಗ, 36 ಮೊಳೆಗಳು, ಎಂದರೆ ನೂರಕ್ಕೆ 6.2, ಗೋಡೆಯನ್ನು ಸಾಕಷ್ಟು ದಾಟಿದ್ದವು. ಹತ್ತು ಮೊಳೆಗಳು ಬೆನ್ನುಹುರಿಯ ಕಡೆಯ ಗೋಡೆಯನ್ನು ಮುರಿದಿದ್ದವು. ಒಬ್ಬ ರೋಗಿಗೂ ನರದ, ರಕ್ತನಾಳದ ಅಥವಾ ಒಳ ಅಂಗಗಳ ಹಾನಿಯಾಗಲಿಲ್ಲವೆಂದು ಅವರು ಬರೆದರು. ನಮಗೆ ಇನ್ನೂ ಹತ್ತಿರದ ಲೆಕ್ಕವೊಂದಿದೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಎಸ್. ರಾಜಶೇಖರನ್ ಮತ್ತು ಸಂಗಡಿಗರು, ಬೆನ್ನಿನ ವಿಕೃತಿಯುಳ್ಳ 33 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ, ಒಂದರಲ್ಲಿ ಕೈಯನ್ನೂ ಸಾಧಾರಣ ಕ್ಷ-ಕಿರಣವನ್ನೂ ನಂಬಿ, ಇನ್ನೊಂದರಲ್ಲಿ ಗಣಕಯಂತ್ರದ ಮಾರ್ಗದರ್ಶನದಿಂದ, ಒಟ್ಟು 478 ಮೊಳೆಗಳನ್ನು ಹಾಕಿ 2007ರಲ್ಲಿ ಫಲವನ್ನು ಪ್ರಕಟಿಸಿದರು. ಮೊದಲನೆಯ ಪಂಗಡದ 236 ಮೊಳೆಗಳಲ್ಲಿ 54 ಗೋಡೆಯನ್ನು ಭೇದಿಸಿದ್ದವು, ನೂರಕ್ಕೆ ಇಪ್ಪತ್ತಮೂರು. ಎರಡನೆಯ ಪಂಗಡದ 242ರಲ್ಲಿ ಐದು, ನೂರಕ್ಕೆ ಎರಡು. ಒಂದು ಮೊಳೆಗೆ ಹಿಡಿಯುವ ಸಮಯವೂ ನಾಲ್ಕೂವರೆ ನಿಮಿಷದಿಂದ ಎರಡೂವರೆಯೊಳಕ್ಕೆ ಇಳಿದಿತ್ತು.

ಸೇಂಟ್ ಲೂಯಿಯವರದು ಆರು, ಕೊಯಮತ್ತೂರಿನವರದು ಇಪ್ಪತ್ತಮೂರು ಎಂದು ಕೇಳಿ, ಅಲ್ಲಿಯ ಕೈ ಇಲ್ಲಿಯ ಕೈಗಿಂತ ನಾಲ್ಕು ಪಾಲು ನಿಪುಣವೆಂದು ತೀರ್ಮಾನಿಸುವ ಆತುರಗಾರರು ಇಲ್ಲದಿಲ್ಲ. ತರಗತಿಯಲ್ಲಿ ನಾನು ಮಕ್ಕಳಿಗೆ ಸಾವಿರ ಸಲ ಹೇಳಿದ ಮಾತನ್ನೇ ಇಲ್ಲಿ ಹೇಳಬೇಕಾಗಿದೆ: ಭಿನ್ನರಾಶಿಗಳನ್ನು ಹೋಲಿಸುವ ಮೊದಲು ಛೇದಗಳನ್ನು ಸಮಮಾಡಿಕೊಳ್ಳಿ. ಮೊಳೆಯ ನಡುಗೆರೆಯೇ ಮೂಳೆಯ ಹೊರಗೆ ಹೋದದ್ದನ್ನು ಮಾತ್ರ ಸೇಂಟ್ ಲೂಯಿಯವರು ಎಣಿಸಿದರು. ಗೋಡೆ ಭೇದಿಸಿದ್ದನ್ನೆಲ್ಲ ಎಣಿಸಿದರೆ ಸಂಖ್ಯೆ ಹಿಗ್ಗುವುದು ಸಹಜ. ಗರ್ಟ್ಸ್‌ಬೀನ್ ಮತ್ತು ರಾಬಿನ್ಸ್ 1990ರಲ್ಲಿ ಒಂದು ಅಳತೆಗೋಲನ್ನು ಕೊಟ್ಟಿದ್ದಾರೆ. ಪೂರ್ತಿ ಒಳಗಿದ್ದರೆ ಒಂದು ದರ್ಜೆ, ಎರಡು ಮಿಲಿಮೀಟರಿನವರೆಗೆ ಹೊರಗಿದ್ದರೆ ಇನ್ನೊಂದು, ನಾಲ್ಕರವರೆಗೆ ಮತ್ತೊಂದು, ಹೀಗೆ. ಆ ಕೋಲನ್ನು ಎಲ್ಲರೂ ಒಂದೇ ರೀತಿಯಲ್ಲಿ ಹಿಡಿಯುವುದಿಲ್ಲ. ಮೊದಲ ಎರಡು ದರ್ಜೆಗಳನ್ನೂ ಸೇರಿಸಿ "ಸಮರ್ಪಕ" ಎಂದು ಬರೆದುಕೊಳ್ಳುವುದು ಅನೇಕರ ಪದ್ಧತಿ. ಅದರಲ್ಲಿ ನ್ಯಾಯವಿಲ್ಲವೆನ್ನಲಾರೆ, ಎಷ್ಟು ಸೇರಿಸಿದೆವೆಂಬುದನ್ನು ಹೇಳಬೇಕು, ಅಷ್ಟೆ.

ಇನ್ನೊಂದು ಲೆಕ್ಕವಿದೆ, ಅದನ್ನು ಯಾವ ಆಸ್ಪತ್ರೆಯ ಗೋಡೆಯ ಮೇಲೂ ನಾನು ಕಂಡಿಲ್ಲ. ನೂರಕ್ಕೆ ತೊಂಬತ್ತೈದು ಮೊಳೆಗಳು ಸರಿಯಾಗಿ ಕೂಡುತ್ತವೆಂದರೆ ಕೇಳಿದವನಿಗೆ ಸಮಾಧಾನವಾಗುತ್ತದೆ. ಪರೀಕ್ಷೆಯಲ್ಲಿ ತೊಂಬತ್ತೈದು ಅಂಕ ಬಂದ ಹಾಗೆ. ಆದರೆ ಮಗುವಿಗೆ ಹಾಕುವುದು ಒಂದು ಮೊಳೆಯನ್ನಲ್ಲ, ಇಪ್ಪತ್ತನ್ನು. ಒಂದರ ಭಾಗ್ಯ ಇನ್ನೊಂದರ ಭಾಗ್ಯಕ್ಕೆ ಸಂಬಂಧಿಸಿಲ್ಲವೆಂದು ಇಟ್ಟುಕೊಂಡರೆ (ಅದು ಪೂರ್ತಿ ನಿಜವಲ್ಲ, ಅಂದಾಜಿಗೆ ಸಾಕು) 0.95ನ್ನು ಇಪ್ಪತ್ತು ಸಲ ಗುಣಿಸಿದಾಗ ಬರುವುದು 0.36. ಎಂದರೆ ನೂರು ಮಕ್ಕಳಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಮೊಳೆಗಳು ಗೋಡೆಯೊಳಗಿರುವವರು ಮೂವತ್ತಾರು ಮಂದಿ. ಉಳಿದ ಅರುವತ್ತನಾಲ್ಕು ಮಂದಿಯ ಬೆನ್ನಿನಲ್ಲಿ ಕನಿಷ್ಠ ಒಂದಾದರೂ ಮೊಳೆ ಹಾದಿ ಬಿಟ್ಟಿದೆ. ಕೊಯಮತ್ತೂರಿನ ಯಂತ್ರದ ಪಂಗಡದಂತೆ ನೂರಕ್ಕೆ ತೊಂಬತ್ತೆಂಟು ಸರಿಯಾದರೂ, ಮೂರರಲ್ಲಿ ಒಂದು ಮಗುವಿಗೆ ಹಾದಿ ಬಿಟ್ಟ ಮೊಳೆಯೊಂದು ಇದ್ದೇ ಇರುತ್ತದೆ. ಮೊಳೆಯನ್ನು ಎಣಿಸುವುದಕ್ಕೂ ಮಗುವನ್ನು ಎಣಿಸುವುದಕ್ಕೂ ಇರುವ ಅಂತರ ಇದು. ಶಸ್ತ್ರವೈದ್ಯರೇ ಈಚೆಗೆ ಇಷ್ಟೊಂದು ಮೊಳೆ ಬೇಕೇ, ಮಣಿಗೆ ಎರಡರಂತೆ ಹಾಕುವ ಬದಲು ಆಯ್ದ ಸ್ಥಳಗಳಲ್ಲಿ ಕಡಮೆ ಹಾಕಿದರೆ ಸಾಲದೇ ಎಂದು ಚರ್ಚಿಸತೊಡಗಿರುವುದು ಬೆಲೆಯ ದೃಷ್ಟಿಯಿಂದ ಮಾತ್ರವಲ್ಲ.

ಇಲ್ಲಿ ಓದುಗರನ್ನು ಹೆದರಿಸಿ ಬಿಟ್ಟುಬಿಡುವುದು ಅನ್ಯಾಯವಾದೀತು. ಹಾದಿ ಬಿಟ್ಟ ಮೊಳೆಗಳಲ್ಲಿ ಬಹುಪಾಲು ಯಾರಿಗೂ ಯಾವ ಕೇಡನ್ನೂ ಮಾಡುವುದಿಲ್ಲ. ಹೊರಗೋಡೆಯ ಕಡೆಗೆ ಸರಿದದ್ದು ಪಕ್ಕೆಲುಬಿನ ಬುಡದಲ್ಲಿ ನೆಲೆಯಾಗುತ್ತದೆ; ಒಳಗೋಡೆಯ ಕಡೆಯೂ ಎರಡು ಮಿಲಿಮೀಟರು ಸಾಧಾರಣವಾಗಿ ಸಹ್ಯ. ಕಾರಣ ತಿಳಿಯದ ಹರೆಯದ ವಕ್ರತೆಗೆ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಹೊಸದಾಗಿ ನರದೌರ್ಬಲ್ಯ ಉಂಟಾಗುವುದು ನೂರರಲ್ಲಿ ಒಂದಕ್ಕಿಂತ ಕಡಮೆ, ಅದರಲ್ಲಿಯೂ ಎಲ್ಲಕ್ಕೂ ಮೊಳೆಯೇ ಕಾರಣವಲ್ಲ. ಬೆನ್ನುಹುರಿಯ ಸಂಕೇತಗಳನ್ನು ಕ್ಷಣಕ್ಷಣಕ್ಕೂ ವಿದ್ಯುತ್ತಿನಿಂದ ಪರೀಕ್ಷಿಸುವ ವ್ಯವಸ್ಥೆ ಇಂದು ಒಳ್ಳೆಯ ಆಸ್ಪತ್ರೆಗಳಲ್ಲಿದೆ. ಅದಿಲ್ಲದ ಕಾಲದಲ್ಲಿ ಫ್ರಾನ್ಸಿನ ಸ್ತಾನ್ಯಾರಾ ಮತ್ತು ಸಂಗಡಿಗರು 1973ರಲ್ಲಿ ವಿವರಿಸಿದ ಉಪಾಯವೊಂದಿತ್ತು: ಬೆನ್ನು ಬಿಚ್ಚಿರುವಾಗಲೇ ಅರಿವಳಿಕೆಯನ್ನು ಇಳಿಸಿ ರೋಗಿಯನ್ನು ಎಚ್ಚರಿಸಿ, ಕೈ ಹಿಚುಕು, ಕಾಲ್ಬೆರಳು ಆಡಿಸು ಎಂದು ಹೇಳುವುದು; ಬೆರಳು ಆಡಿದರೆ ಮತ್ತೆ ನಿದ್ರೆಗೆ ಕಳುಹಿಸುವುದು. ಆ ಕಾಲ್ಬೆರಳು ಆಡುವುದನ್ನು ಕಾಯುತ್ತ ನಿಂತ ಕೋಣೆಯ ಮೌನವನ್ನು ಊಹಿಸಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಆದರೂ ಬೆರಳು ಆಡಿತು, ಮಗು ನಡೆಯಿತು ಎಂಬುದು ಒಂದು ಸಂಗತಿ. ಮೊಳೆ ತನ್ನ ಸ್ಥಳದಲ್ಲಿದೆಯೆಂಬುದು ಇನ್ನೊಂದು. ಮಹಾಧಮನಿಗೆ ತುದಿ ತಾಗಿಸಿಕೊಂಡು ಕುಳಿತ ಮೊಳೆ ಅಂದು ಯಾವ ಸದ್ದನ್ನೂ ಮಾಡುವುದಿಲ್ಲ. ನಿರುಪದ್ರವವಾದದ್ದನ್ನೆಲ್ಲ ನಿರ್ದುಷ್ಟವೆಂದು ಬರೆದುಕೊಳ್ಳುವ ಅಭ್ಯಾಸದಿಂದಲೇ ಈ ವಿಷಯದಲ್ಲಿ ನಮ್ಮ ಅಜ್ಞಾನ ಸುಖವಾಗಿ ಬಾಳುತ್ತಿದೆ.

ಎಣಿಕೆಯಿಂದ ಮೊಳೆಗೆ ಅಪಕಾರವಾಗುವುದಿಲ್ಲ, ಉಪಕಾರವೇ ಆಗುತ್ತದೆಂಬುದಕ್ಕೆ ಅಮೆರಿಕದ ನಿದರ್ಶನವಿದೆ. ಬೇರೆ ಮೂಳೆಗಳಿಗೆಂದು ಅನುಮತಿ ಪಡೆದ ಮೊಳೆಗಳನ್ನು ಬೆನ್ನಿನ ಕಿರುಗಾಲಿಗೆ ಹಾಕುತ್ತಿದ್ದಾರೆಂದು 1990ರ ದಶಕದಲ್ಲಿ ಅಲ್ಲಿ ದೊಡ್ಡ ಕೋಲಾಹಲವೆದ್ದು, ಸಾವಿರಗಟ್ಟಲೆ ವ್ಯಾಜ್ಯಗಳು ಹೂಡಲ್ಪಟ್ಟವು. ಆವೇಶದ ಮಾತುಗಳು ಎರಡೂ ಕಡೆ ಬೇಕಾದಷ್ಟಿದ್ದವು. ಅವುಗಳ ನಡುವೆ ತೂಕವಿದ್ದದ್ದು, ಸುಮಾರು 3,500 ರೋಗಿಗಳ ದಾಖಲೆಗಳನ್ನು ಹಿಂದಿರುಗಿ ತೆಗೆದು ನೋಡಿ 1994ರಲ್ಲಿ ಪ್ರಕಟಿಸಿದ ಒಂದು ಲೆಕ್ಕಕ್ಕೆ. 1998ರಲ್ಲಿ ಆ ದೇಶದ ಆಹಾರ ಮತ್ತು ಔಷಧ ಆಡಳಿತವು ಮೊಳೆಯನ್ನು ಹಲವು ಬಳಕೆಗಳ ಮಟ್ಟಿಗೆ ಹೆಚ್ಚು ಅಪಾಯದ ವರ್ಗದಿಂದ ಕೆಳಗಿಳಿಸಿತು.

ನಮ್ಮವರು ಕೇಳುವ ಪ್ರಶ್ನೆಯಾದರೋ ಬೇರೆ. ಆಸ್ಪತ್ರೆಗೆ ಹೋಗುವ ಮುನ್ನ ಹುಡುಗಿಯ ಸೋದರಮಾವ, ತಿಳಿದವರು, ಇಂಜಿನಿಯರು, ನನ್ನನ್ನು ಕೇಳಿದ್ದು ಒಂದೇ: "ಅಲ್ಲಿ ರೋಬೋಟ್ ಇದೆಯೇ?" ರೋಬೋಟು ಇದ್ದರೆ ತಪ್ಪಿಲ್ಲ, ಹೊಸ ಯಂತ್ರಗಳು ಹಳೆಯವಕ್ಕಿಂತ ಚೆನ್ನಾಗಿರುವುದೂ ನಿಜ. ಆದರೆ ಜರ್ಮನಿಯಲ್ಲಿ ಸೊಂಟದ ಮೊಳೆಗಳ ವಿಷಯದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಬರಿಯ ಕೈಯಿಂದ ಹಾಕಿದವುಗಳಲ್ಲಿ ನೂರಕ್ಕೆ 93 ಸರಿಯಾಗಿ ಕುಳಿತಿದ್ದರೆ, ಅಂದಿನ ರೋಬೋಟಿನ ಸಹಾಯದಿಂದ ಹಾಕಿದವುಗಳಲ್ಲಿ 85 ಮಾತ್ರ ಸರಿಯಾಗಿದ್ದವು. ಮಾರ್ಗದರ್ಶಕ ಯಂತ್ರವೂ ಸರ್ವಜ್ಞವಲ್ಲ. ಮೂಳೆಯ ಮೇಲೆ ಕಟ್ಟಿದ ಒಂದು ಗುರುತುಪಟ್ಟಿಯನ್ನು ನೋಡಿಕೊಂಡು ಅದು ದಿಕ್ಕು ಹೇಳುತ್ತದೆ. ಯಾರದಾದರೂ ಮೊಳಕೈ ತಾಗಿ ಆ ಪಟ್ಟಿ ಕೂದಲೆಳೆಯಷ್ಟು ಸರಿದರೂ, ತೆರೆಯ ಮೇಲಿನ ಚಿತ್ರ ಮೊದಲಿನಂತೆಯೇ ಅಂದವಾಗಿ ಸುಳ್ಳು ಹೇಳತೊಡಗುತ್ತದೆ. ಬೆನ್ನು ಒಂದೇ ಕಲ್ಲಲ್ಲ, ಮಣಿಗಳ ಮಾಲೆ. ಪಟ್ಟಿಯಿಂದ ದೂರವಾದಷ್ಟೂ, ಉಸಿರಾಡಿದಷ್ಟೂ, ಮಣಿ ತನ್ನ ಚಿತ್ರಕ್ಕೆ ಒಪ್ಪದೆ ಹೋಗುತ್ತದೆ. ಆದಕಾರಣ ಯಂತ್ರವಿದೆಯೇ ಎಂದು ಕೇಳಿದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಾಕಿದ ಮೊಳೆಗಳನ್ನು ಮತ್ತೆ ನೋಡುವ ಪದ್ಧತಿ ಇಲ್ಲಿ ಉಂಟೇ, ನೋಡಿದಾಗ ಏನು ಕಂಡಿತು ಎಂದು ಕೇಳಬೇಕು.

ನಾನು ಕೇಳಿದೆ. ಮೂರನೆಯ ತಿಂಗಳ ತಪಾಸಣೆಗೆ ಅವರೊಡನೆ ಹೋಗಿದ್ದಾಗ, ಶಸ್ತ್ರವೈದ್ಯರು ಬಿಡುವಾಗಿದ್ದದ್ದನ್ನು ನೋಡಿ, ಆ ಎರಡು ಕಾಗದಗಳನ್ನೂ ಮೇಜಿನ ಮೇಲಿಟ್ಟು, ಮೊಳೆಗಳು ಎಲ್ಲಿವೆಯೆಂದು ಹೇಗೆ ತಿಳಿಯುತ್ತದೆಂದು ಕೇಳಿದೆ. ಅವರು ಮುನಿಯಲಿಲ್ಲ. "ಎಕ್ಸ್‌ರೇ ನೋಡಿದ್ದೇವೆ ಸಾರ್, ನರಗಳ ಸಿಗ್ನಲ್ ಕೊನೆತನಕ ಸರಿಯಾಗಿತ್ತು, ಮಗು ಆರಾಮಾಗಿ ನಡೀತಿದ್ದಾಳೆ. ಒಂದೊಂದು ಸ್ಕ್ರೂನೂ ಸಿ.ಟಿ. ಮಾಡಿ ನೋಡಿಲ್ಲ. ಈ ವಯಸ್ಸಿನ ಹೆಣ್ಣುಮಗುವಿಗೆ ಅಷ್ಟು ರೇಡಿಯೇಷನ್ ಸುಮ್ಮನೆ ಕೊಡೋಕೆ ನನಗೆ ಮನಸ್ಸಿಲ್ಲ" ಎಂದರು. ಈ ಉತ್ತರವನ್ನು ನಾನು ಗೌರವಿಸುತ್ತೇನೆ. ಅದರ ಹಿಂದೆ ಒಂದು ದುಃಖದ ಚರಿತ್ರೆಯಿದೆ. ಅಮೆರಿಕದಲ್ಲಿ ಬೆನ್ನಿನ ವಕ್ರತೆಗಾಗಿ 1912ರಿಂದ 1965ರವರೆಗಿನ ಅವಧಿಯಲ್ಲಿ ಪದೇ ಪದೇ ಕ್ಷ-ಕಿರಣಕ್ಕೆ ಒಡ್ಡಿಕೊಂಡ 5,573 ಸ್ತ್ರೀಯರ ಮುಂದಿನ ಬಾಳನ್ನು ಹಿಂಬಾಲಿಸಿ ನೋಡಿದಾಗ, ಒಬ್ಬೊಬ್ಬರಿಗೆ ಸರಾಸರಿ ಇಪ್ಪತ್ತೈದರಷ್ಟು ಚಿತ್ರಗಳನ್ನು ತೆಗೆದಿದ್ದ ಆ ಸಮೂಹದಲ್ಲಿ ಸ್ತನದ ಕ್ಯಾನ್ಸರಿನಿಂದ ಸತ್ತವರು 77 ಮಂದಿ. ಅಷ್ಟು ಸ್ತ್ರೀಯರಲ್ಲಿ ನಿರೀಕ್ಷಿಸಬಹುದಾಗಿದ್ದದ್ದು 46. ಅಂದಿನ ಕಿರಣಪ್ರಮಾಣ ಇಂದಿಲ್ಲ. ಆದರೂ ಲೆಕ್ಕಪುಸ್ತಕದ ಅಂದಕ್ಕಾಗಿ ಬೆಳೆಯುವ ಮಗುವಿನ ಎದೆಯ ಮೂಲಕ ಕಿರಣ ಹಾಯಿಸಬಾರದೆಂಬ ವಿವೇಕ ಆ ಸ್ತ್ರೀಯರಿಂದ ನಮಗೆ ಬಂದ ಋಣ.

ಹಾಗಾದರೆ ನೋಡುವ ಬಗೆ ಹೇಗೆ? ನನ್ನ ಅಭಿಪ್ರಾಯ ಇದು. ಶಸ್ತ್ರಶಾಲೆಯಲ್ಲಿಯೇ ಮೂರು ಆಯಾಮದ ಚಿತ್ರ ತೆಗೆಯುವ ಯಂತ್ರವಿರುವ ಕಡೆ, ಮೊಳೆಗಳನ್ನು ಹಾಕಿದ ಮೇಲೆ, ಸರಳನ್ನು ಬಿಗಿದು ಬೆನ್ನನ್ನು ಮುಚ್ಚುವ ಮುನ್ನ, ಕಡಮೆ ಪ್ರಮಾಣದ ಕಿರಣದಲ್ಲಿ ಒಮ್ಮೆ ನೋಡಿಬಿಡಬೇಕು; ತಪ್ಪಿದ ಮೊಳೆಯನ್ನು ತೆಗೆದು ತಿರುಗಿ ಹಾಕುವುದಕ್ಕೆ ಅದಕ್ಕಿಂತ ಸುಲಭವಾದ ಗಳಿಗೆ ಮತ್ತೆ ಬಾರದು. ಒಂದು ವಾರದ ಅನಂತರ ಕಂಡರೆ ಅದು ಎರಡನೆಯ ಶಸ್ತ್ರಕ್ರಿಯೆ. ಮೇಜಿನ ಮೇಲೆಯೇ ಕಂಡರೆ ಐದು ನಿಮಿಷದ ಕೆಲಸ. ಯಂತ್ರವಿಲ್ಲದ ಕಡೆ, ಕ್ಷ-ಕಿರಣದಲ್ಲಿ ಶಂಕೆ ಹುಟ್ಟಿಸುವ ಮೊಳೆಗಳ ಮಟ್ಟಿಗೆ ಮಾತ್ರ ಸಿ.ಟಿ. ಮಾಡಬೇಕು. ಎರಡು ಕಡೆಯೂ ನೋಡಿದ್ದೆಷ್ಟು, ಯಾವುದರಿಂದ ನೋಡಿದೆವು, ನೋಡದೆ ಬಿಟ್ಟದ್ದೆಷ್ಟು ಎಂಬ ಮೂರು ಸಾಲುಗಳು ಡಿಸ್‌ಚಾರ್ಜ್ ಸಮ್ಮರಿಯಲ್ಲಿ ಬರಬೇಕು. "ನೋಡಿಲ್ಲ" ಎಂದು ಬರೆಯುವುದು ಅಪಮಾನವಲ್ಲ. ಏನನ್ನೂ ಬರೆಯದೆ ಬಿಟ್ಟಾಗ ನೋಡಿದ್ದೇವೆಂಬ ಭ್ರಾಂತಿಗೆ ಅವಕಾಶವಾಗುತ್ತದೆ, ಆಕ್ಷೇಪವಿರುವುದು ಅದಕ್ಕೆ.

ಮೊಳೆಯ ಸುರಕ್ಷತೆ ಶಸ್ತ್ರಶಾಲೆಗಿಂತ ಬಹಳ ಮೊದಲೇ ಶುರುವಾಗುತ್ತದೆಂಬ ಮಾತನ್ನೂ ಇಲ್ಲಿ ಸೇರಿಸಬೇಕು. ಬಾಗು ನಲವತ್ತೆಂಟಿದ್ದಾಗ ಬಂದ ಮಗುವಿನ ಕಿರುಗಾಲು ಬೇರೆ, ತೊಂಬತ್ತಾದ ಮೇಲೆ ಬಂದ ಮಗುವಿನದು ಬೇರೆ. ಎರಡನೆಯದರಲ್ಲಿ ಎಂಥ ಕೈಯೂ ನಡುಗೀತು. ಇನ್ನೂ ಮೊದಲು ಬಂದರೆ ಮೊಳೆಯೇ ಬೇಡವಾಗಬಹುದು: ಬೆಳೆಯುವ ವಯಸ್ಸಿನ ಮಕ್ಕಳಿಗೆ ಪಟ್ಟಿಕವಚ ತೊಡಿಸಿದಾಗ ನೂರಕ್ಕೆ 72 ಮಂದಿಯಲ್ಲಿ ವಕ್ರತೆ ಶಸ್ತ್ರಚಿಕಿತ್ಸೆಯ ಮಟ್ಟವನ್ನು ಮುಟ್ಟಲಿಲ್ಲ, ತೊಡಿಸದೆ ಕಾದವರಲ್ಲಿ 48 ಮಂದಿಯಲ್ಲಿ ಮಾತ್ರ ಎಂದು ಅಮೆರಿಕ ಮತ್ತು ಕೆನಡದ ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮುಂದಕ್ಕೆ ಬಗ್ಗಿಸಿ ಬೆನ್ನನ್ನು ಹಿಂದಿನಿಂದ ನೋಡುವ, ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ವೈದ್ಯ ಆಡಮ್ಸ್‌ನ ಹೆಸರಿನ ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ. ಶಾಲೆಶಾಲೆಗಳಲ್ಲಿ ಎಲ್ಲ ಮಕ್ಕಳನ್ನೂ ಹೀಗೆ ನೋಡಬೇಕೇ ಎಂಬ ವಿಷಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲವೆಂಬುದನ್ನು ಬಲ್ಲೆ. ಆದರೆ ಹಿಂದೆ ನಮ್ಮ ಮನೆಗಳಲ್ಲಿ ತಾಯಂದಿರು ಅದನ್ನು ಹೆಸರಿಲ್ಲದೆ ಮಾಡುತ್ತಿದ್ದರೋ ಏನೋ. ಶನಿವಾರದ ಎಣ್ಣೆಸ್ನಾನದಲ್ಲಿ ಬಗ್ಗಿ ಕುಳಿತ ಮಗಳ ಬೆನ್ನನ್ನು ಉಜ್ಜುವ ಕೈಗೆ, ಒಂದು ಹೆಗಲಮೂಳೆ ಎದ್ದಿರುವುದು ತಿಳಿಯದೆ ಇರುವುದಿಲ್ಲ. ನಮ್ಮ ಬೀದಿಯ ಹುಡುಗಿಯ ವಿಷಯದಲ್ಲಿ ಅದನ್ನು ಮೊದಲು ಕಂಡವನು ಯೂನಿಫಾರಂ ಹೊಲಿಯುವ ದರ್ಜಿ. ಎಡ ಬಲದ ಅಳತೆ ಕೂಡುತ್ತಿಲ್ಲವೆಂದು ಎರಡು ಸಲ ಟೇಪು ಹಿಡಿದನಂತೆ.

ಮತ್ತೆ ಲೆಕ್ಕಕ್ಕೆ ಬರುತ್ತೇನೆ. ಮೊಳೆ ಮುರಿದರೆ, ಲೋಹ ಕೆಟ್ಟರೆ, ಅದನ್ನು ವರದಿ ಮಾಡಲು ಘಾಜಿಯಾಬಾದಿನಲ್ಲಿ 2015ರಿಂದ ವೈದ್ಯಕೀಯ ಸಾಧನಗಳ ನಿಗಾವಣೆಯ ಒಂದು ವ್ಯವಸ್ಥೆ ಇದೆ. ವಸ್ತುವಿನ ದೋಷಕ್ಕೆ ಕಚೇರಿಯುಂಟು. ಕೈ ತಪ್ಪಿದ್ದನ್ನು ಬರೆದಿಡಲು ಎಲ್ಲರಿಗೂ ಅನ್ವಯಿಸುವ ಪುಸ್ತಕವಿಲ್ಲ. ಸ್ವೀಡನ್ನಿನವರು 1990ರ ದಶಕದಿಂದಲೇ ಬೆನ್ನಿನ ಶಸ್ತ್ರಚಿಕಿತ್ಸೆಗಳಿಗೆ ರಾಷ್ಟ್ರೀಯ ದಾಖಲೆಯನ್ನಿಟ್ಟುಕೊಂಡು ಬಂದಿದ್ದಾರೆ. ನಮ್ಮಲ್ಲಿ ಏಕಾಗಬಾರದೆಂದು ಅದೇ ಶಸ್ತ್ರವೈದ್ಯರನ್ನು ಕೇಳಿದಾಗ, ಅವರು ಸ್ವಲ್ಪ ಹೊತ್ತು ಪೆನ್ನನ್ನು ತಿರುವುತ್ತ ಕುಳಿತು, "ನಾನು ನೂರಕ್ಕೆ ಹತ್ತು ತಪ್ಪು ಅಂತ ಬರೆದು ಹಾಕಿದರೆ, ಪೇಷೆಂಟು ಲೆಕ್ಕ ಹೇಳದವರ ಹತ್ತಿರ ಹೋಗ್ತಾರೆ ಸಾರ್" ಎಂದರು.

ಈ ಮಾತಿಗೆ ನನ್ನ ಬಳಿ ಕೂಡಲೇ ಉತ್ತರವಿರಲಿಲ್ಲ, ಆಮೇಲೆ ಯೋಚಿಸಿದ್ದುಂಟು. ಎಣಿಸುವವನಿಗೆ ನಷ್ಟ, ಎಣಿಸದವನಿಗೆ ಲಾಭ ಎಂಬ ಸ್ಥಿತಿ ಇರುವವರೆಗೆ ಸತ್ಯವನ್ನು ಒಬ್ಬೊಬ್ಬರ ಶೌರ್ಯಕ್ಕೆ ಬಿಡುವುದು ಅಧರ್ಮ. ಎಲ್ಲರ ಲೆಕ್ಕವೂ ಒಂದೇ ದಿನ, ಒಂದೇ ಅಳತೆಗೋಲಿನಲ್ಲಿ ಹೊರಬರಬೇಕು. ಕಠಿಣವಾದ ಬೆನ್ನುಗಳನ್ನು ಒಪ್ಪಿಕೊಳ್ಳುವವರ ಸಂಖ್ಯೆ ಸುಲಭವಾದವನ್ನು ಆರಿಸಿಕೊಳ್ಳುವವರ ಸಂಖ್ಯೆಯೊಡನೆ ಬೆರೆಯದಂತೆ ವಕ್ರತೆಯ ಕೋನವನ್ನೂ ಜೊತೆಗೆ ಬರೆಯಬೇಕು. ಮೊದಲ ಕೆಲವು ವರ್ಷ ಹೆಸರುಗಳನ್ನು ಮರೆಮಾಡಿದರೂ ನನ್ನ ಅಡ್ಡಿಯಿಲ್ಲ. ಇದನ್ನು ಮಾಡಿಸಬಲ್ಲವರು ಹಣ ಕೊಡುವವರು: ಸರ್ಕಾರದ ಆರೋಗ್ಯ ಯೋಜನೆಗಳು, ವಿಮೆಯ ಕಂಪನಿಗಳು. ಬಿಲ್ಲಿನಲ್ಲಿ ಇಪ್ಪತ್ತು ಮೊಳೆಗಳ ಬೆಲೆಯನ್ನು ಕೇಳಿ ಪಡೆಯುವವರಿಂದ ಇಪ್ಪತ್ತು ಮೊಳೆಗಳ ನೆಲೆಯನ್ನು ಕೇಳಿ ಪಡೆಯುವುದು ಅತಿಯಾದ ಬೇಡಿಕೆಯೆಂದು ನನಗೆ ತೋರುವುದಿಲ್ಲ.

ತಪಾಸಣೆ ಮುಗಿಸಿಕೊಂಡು ಬಸ್ಸಿನಲ್ಲಿ ಹಿಂದಿರುಗುವಾಗ ಹುಡುಗಿ ಕಿಟಕಿಯ ಪಕ್ಕ ನೆಟ್ಟಗೆ ಕುಳಿತು, ಎರಡು ಜಡೆಯನ್ನೂ ಮುಂದಕ್ಕೆ ಹಾಕಿಕೊಂಡು ಹೊರಗೆ ನೋಡುತ್ತಿದ್ದಳು. ಅವಳಿಗೆ ಕೇಳಿಸದಂತೆ ಆಕೆಯ ತಂದೆ ನನ್ನ ಕಡೆಗೆ ಬಾಗಿ, "ಹಾಗಾದರೆ ಮೇಷ್ಟ್ರೇ, ಇವಳ ಇಪ್ಪತ್ತೂ ಸರಿಯಾಗಿವೆ ಅಂತಲೇ ತಾನೇ ಲೆಕ್ಕ?" ಎಂದು ಕೇಳಿದರು. ಮಗು ಚೆನ್ನಾಗಿದ್ದಾಳಲ್ಲ, ಚಿಂತೆ ಮಾಡಬೇಡಿ ಎಂದೆ. ಅವರು ತಲೆಯಾಡಿಸಿ, ಪ್ಲಾಸ್ಟಿಕ್ ಕವರನ್ನು ಮಡಿಚಿ ಚೀಲದೊಳಗಿಟ್ಟುಕೊಂಡರು. ನಾನು ಹೇಳಿದ್ದು ಅವರು ಕೇಳಿದ ಪ್ರಶ್ನೆಗೆ ಉತ್ತರವಲ್ಲವೆಂಬುದು ಅವರಿಗೂ ತಿಳಿದಿರಬೇಕು.